ನಲವತ್ತೊಂದನೇ ನಂಬರಿನ ರವಿಕೆ

ನಮ್ಮೂರಿನಲ್ಲಿ ಮುಚ್ಚಿಟ್ಟ ವಸ್ತು ಇಟ್ಟ ಕಡೆ ಇರುವುದಿಲ್ಲ. ಬೀರುವಾಗಲಿ, ಡಬ್ಬಿಯಾಗಲಿ, ಟ್ರಂಕಾಗಲಿ, ಮುಚ್ಚಳ ಹಾಕಿ ಒಂದು ದಿನ ಮಾತಾಡಿಸದೆ ಬಿಟ್ಟರೆ ಒಳಗಿರುವುದಕ್ಕೆ ಬೇಸರ ಹುಟ್ಟಿ, ಊರಿನ ಇನ್ನಾವುದೋ ಮುಚ್ಚಿದ ಜಾಗಕ್ಕೆ ಹೊರಟುಹೋಗುತ್ತದೆ. ಆದ್ದರಿಂದ ಬೆಳಿಗ್ಗೆ ಎದ್ದ ಕೂಡಲೇ ಬೀರುವಿನ ಬಾಗಿಲು ತೆಗೆದು, ಒಳಗಿರುವುದನ್ನೆಲ್ಲ ಹೆಸರು ಹಿಡಿದು ಕೂಗುವುದು ನಮಗೆ ಹಲ್ಲುಜ್ಜಿದಷ್ಟೇ ಸಹಜ. ಇದಕ್ಕೆ ಹಾಜರಿ ಅನ್ನುತ್ತೇವೆ. ಹಾಜರಿ ತಪ್ಪಿತೋ, ನಿಮ್ಮ ಚಟ್ನಿಪುಡಿ ಪೋಸ್ಟ್ ಮಾಸ್ತರರ ಕಪಾಟಿನಲ್ಲಿ ಕೂತಿರುತ್ತದೆ. ಸಿಕ್ಕಿದವರು ತಂದು ಕೊಡುತ್ತಾರೆ. ಆದರೆ ಬರಿದೇ ಕೊಡುವ ಹಾಗಿಲ್ಲ, ಜೊತೆಗೆ ಏನಾದರೂ ಇಟ್ಟೇ ಕೊಡಬೇಕು. ಒಮ್ಮೆ ಪುರಸಭೆ ಅಧ್ಯಕ್ಷರ ಹಲ್ಲಿನ ಸೆಟ್ಟು ಬಳೆಗಾರರ ಪೆಟ್ಟಿಗೆಯಲ್ಲಿ ಸಿಕ್ಕಿ, ಒಂದು ಡಜನ್ ಹಸಿರು ಬಳೆಯ ಸಮೇತ ಹಿಂದಿರುಗಿತು. ಅಧ್ಯಕ್ಷರು ಎರಡನ್ನೂ ಇಟ್ಟುಕೊಂಡರು.

ಊರಿಗೆ ಕಂಪ್ಯೂಟರ್ ಬಂದಾಗ, ಇದಕ್ಕೆ ಮುಚ್ಚಳವೇ ಇಲ್ಲವಲ್ಲ, ಇದರೊಳಗಿನದು ಎಲ್ಲಿಗೂ ಹೋಗಲಾರದು ಅಂತ ಎಲ್ಲರೂ ನಂಬಿದ್ದರು. ವಾರ ಕಳೆಯುವುದರೊಳಗೆ ರೇಷನ್ ಅಂಗಡಿಯ ಸಕ್ಕರೆಯ ಪಟ್ಟಿ ಶಾಲೆಯ ಕಂಪ್ಯೂಟರಿಗೆ ವಲಸೆ ಹೋಗಿ, ಏಳನೇ ಕ್ಲಾಸಿನ ಮಕ್ಕಳಿಗೆಲ್ಲ ಗಣಿತದಲ್ಲಿ ಎರಡೆರಡು ಕಿಲೋ ಬಂತು. ಅಲ್ಲಿಂದಾಚೆಗೆ ಕಂಪ್ಯೂಟರಿಗೂ ಹಾಜರಿ ಶುರುವಾಯಿತು.

ನನ್ನದು ಗುಂಡಿ, ಲೇಸು, ಸೀರೆಯ ಫಾಲ್ ಮಾರುವ ಸಣ್ಣ ಅಂಗಡಿ. ಎದುರಿಗೇ ಅಂಬುಜಾಬಾಯಿಯ ಹೊಲಿಗೆ ಅಂಗಡಿ. ಊರಿನ ಹೆಂಗಸರ ರವಿಕೆಗಳು ಬಹುಪಾಲು ಅವರ ಕೈಯಲ್ಲೇ ಹುಟ್ಟಿದವು. ಅವರ ಯಜಮಾನರು ತುಕೋಜಿರಾಯರು ಕಾಜಾ ಹೊಲಿಯುತ್ತಾರೆ, ಇಸ್ತ್ರಿ ಹಾಕುತ್ತಾರೆ, ಕೇಳಿದರೆ ಮಾತಾಡುತ್ತಾರೆ. ಅಂಬುಜಾಬಾಯಿಗೆ ಎರಡು ಹೆಮ್ಮೆ. ಒಂದು, ಯಾರ ಎರಡು ಕೈಯೂ ಒಂದೇ ಉದ್ದ ಇರುವುದಿಲ್ಲ ಅಂತ ಎಡತೋಳು, ಬಲತೋಳು ಎರಡನ್ನೂ ಬೇರೆ ಬೇರೆ ಅಳೆಯುತ್ತಾರೆ. ಇನ್ನೊಂದು, ತಮ್ಮ ಮನೆಯ, ಅಂಗಡಿಯ ಹಾಜರಿಯನ್ನು ಬಾಯಿಪಾಠದಿಂದ ಕೂಗುತ್ತಾರೆ. ಅರಿಶಿನದ ಡಬ್ಬಿಯಿಂದ ಸೂಜಿಯ ಪೊಟ್ಟಣದವರೆಗೆ ಒಂದೂ ಬಿಡುವುದಿಲ್ಲ. "ನನ್ನ ಮನೆಯಿಂದ ಇವತ್ತಿನವರೆಗೆ ಒಂದು ಪಿನ್ನು ಆಚೆ ಹೋಗಿಲ್ಲ" ಅಂತ ಅವರು ನನಗೆ ಹೇಳದ ವಾರವಿಲ್ಲ.

ಟೈಪಿಂಗ್ ಇನ್‌ಸ್ಟಿಟ್ಯೂಟಿನ ಫ್ಲೇವಿಯಾ ಟೀಚರ ಹತ್ತಿರ ಕಲಿತು ಅವರು ಅಂಗಡಿಯ ಲೆಕ್ಕಾಚಾರವನ್ನೆಲ್ಲ ಕಂಪ್ಯೂಟರಿಗೆ ಹಾಕಿದ್ದರು. ಒಂದು ಟೇಬಲ್ಲಿನಲ್ಲಿ ಗಿರಾಕಿಗಳ ನಂಬರು ಮತ್ತು ಹೆಸರು. ಇನ್ನೊಂದರಲ್ಲಿ ನಂಬರಿನ ಎದುರಿಗೆ ಅಳತೆ. ಮತ್ತೊಂದರಲ್ಲಿ ದಾರದ ಬಣ್ಣ. ಟೇಬಲ್ಲೆಂದರೆ ಊಟದ ಮೇಜಲ್ಲ, ಅಡ್ಡಸಾಲು ಉದ್ದಸಾಲು ಎಳೆದ ಕೋಷ್ಟಕ. ಮೊದಲ ದಿನ ತುಕೋಜಿರಾಯರು ಅದಕ್ಕೊಂದು ಬಟ್ಟೆ ಹಾಸೋಣವೇ ಅಂತ ಕೇಳಿ ಬೈಸಿಕೊಂಡಿದ್ದರು. ದಿನಾ ಬೆಳಿಗ್ಗೆ ಅಂಬುಜಾಬಾಯಿ ಊದುಬತ್ತಿ ಹಚ್ಚಿ, ಕಂಪ್ಯೂಟರ್ ಹೊತ್ತಿಸಿ, 'ಗಿರಾಕಿ' ಅಂತ ಬೆರಳಚ್ಚಿಸುತ್ತಿದ್ದರು. ಅದು 'ಇದೆ' ಅನ್ನುತ್ತಿತ್ತು. 'ಅಳತೆ', 'ದಾರದ ಬಣ್ಣ' ಅಂತ ಬೆರಳಚ್ಚಿಸಿದರೆ ಮತ್ತೆ 'ಇದೆ', 'ಇದೆ'. ಹಾಜರಿ ಮುಗಿಯಿತು.

ಅದೊಂದು ಸಲ ಗಂಡಹೆಂಡತಿ ನಾದಿನಿಯ ಮೊಮ್ಮಗುವಿನ ನಾಮಕರಣಕ್ಕೆ ಹೋಗಿ ಎರಡು ದಿನ ಅಂಗಡಿ ಮುಚ್ಚಿದ್ದರು. ಬಂದವರೇ ಅಂಬುಜಾಬಾಯಿ ಚಪ್ಪಲಿ ಬಿಡುವುದಕ್ಕೂ ಮೊದಲು ಹಾಜರಿ ಕೂಗಿದರು. ಸೂಜಿ ಇತ್ತು. ದಾರ ಇತ್ತು. ಗಿರಾಕಿ ಇದೆ ಅಂತು. ಅಳತೆಯೂ ಇದೆ ಅಂತು. ಅವರು ನನ್ನ ಅಂಗಡಿಯ ಕಡೆ ತಿರುಗಿ, ನೋಡಿದಿರಾ ಅನ್ನುವ ಹಾಗೆ ಹುಬ್ಬು ಕುಣಿಸಿದರು.

ಮದುವೆಯ ಕಾಲ. ಕೆಲಸ ರಾಶಿ ಬಿದ್ದಿತ್ತು. ನಂಬರು ಹಾಕಿದರೆ ಅಳತೆಯ ಚೀಟಿ ಹೊರಗೆ ಬರುವ ಹಾಗೆ ಅವರು ಮಾಡಿಕೊಂಡಿದ್ದರು. ಚೀಟಿಯಲ್ಲಿ ಅಂಕಿಗಳಷ್ಟೇ ಇರುತ್ತಿದ್ದವು. ಎದೆ, ಉದ್ದ, ಎಡತೋಳು, ಬಲತೋಳು, ಬೆನ್ನ ಹಿಂದಿನ ಡೋರಿ, ಕೊನೆಗೆ ಒಂದು ಷರಾ. ಆ ಕ್ರಮ ಅವರಿಗೆ ಬಾಯಿಗೆ ಬರುತ್ತಿದ್ದುದರಿಂದ ತಲೆಬರಹಗಳ ಹಂಗಿರಲಿಲ್ಲ.

ಮೊದಲು ಅನುಮಾನ ಬಂದದ್ದು ಷರಾದ ಮೇಲೆ.

"ಏನೂಂದ್ರೆ, ಇದನ್ನ ನೀವು ಬರೆದದ್ದಾ?" ಅಂತ ಅವರು ಯಜಮಾನರನ್ನು ಕೇಳಿದರು.

"ಯಾವ್ದನ್ನ?"

"ಮೂವತ್ತನೇ ನಂಬರಿಗೆ 'ಹಿಡಿದುಕೊಂಡರೆ ಒದೆಯುತ್ತದೆ' ಅಂತ ಇದೆ. ಗಿರಾಕಿಗಳ ಬಗ್ಗೆ ಹಿಂಗೆಲ್ಲ ಬರೀಬಾರ್ದು."

ತುಕೋಜಿರಾಯರು ಕಾಜಾದ ದಾರ ಕಚ್ಚಿ ಹರಿದು, ಮೂವತ್ತನೇ ನಂಬರು ಯಾರೆಂದು ನೆನಪು ಮಾಡಿಕೊಂಡರು. "ನಾನು ಬರ್ದಿಲ್ಲ," ಅಂದರು. ಮತ್ತೆ ಸೂಜಿ ಹಿಡಿದು, "ಆದ್ರೆ ಸುಳ್ಳೇನಲ್ಲ," ಅಂದರು.

ನಲವತ್ತೊಂದನೇ ನಂಬರು ಪ್ರಫುಲ್ಲ. ಸುಲೋಚನಮ್ಮನವರ ಮಗಳು, ಎರಡು ದಿನ ಕಳೆದರೆ ಧಾರೆ. ಧಾರೆಯ ಸೀರೆ ಸುಲೋಚನಮ್ಮನವರ ಅತ್ತೆ ತಾವು ಬದುಕಿದ್ದಾಗಲೇ ಮೊಮ್ಮಗಳಿಗೆಂದು ನೇಯಿಸಿಟ್ಟದ್ದು. ಸೀರೆಯ ಜೊತೆಗೇ ನೇಯ್ದ ರವಿಕೆಯ ತುಂಡು, ಧಾರಾಳವಾಗಿ ಬಿಟ್ಟ ಬಟ್ಟೆ, ನವಿಲುಕತ್ತಿನ ಬಣ್ಣ. ನೇಯ್ದವನೂ ಈಗಿಲ್ಲ, ಆ ಮಗ್ಗವೂ ಇಲ್ಲ. ಅಂಬುಜಾಬಾಯಿ ಆ ತುಂಡನ್ನು ಮೇಜಿನ ಮೇಲೆ ಹರಡಿ, ಚೀಟಿ ನೋಡಿ, ಕತ್ತರಿ ಕೈಗೆ ತೆಗೆದುಕೊಂಡು ಒಂದು ಗಳಿಗೆ ನಿಂತರು. ಎದೆಯ ಅಳತೆ ಸರಿಯಾಗಿತ್ತು. ಉದ್ದ ಇಪ್ಪತ್ತೇಳು ಇಂಚು. ಎಡತೋಳು ಎರಡು, ಬಲತೋಳು ಏಳು. ಡೋರಿ ಐದು. ಷರಾ: 'ಎಡಗಡೆಯದು ಜಗಳದಲ್ಲಿ ಮುರಿದಿದೆ'.

"ಎಡಗೈ ಮುರ್ಕೊಂಡಿದಾಳಂತೆ, ಪಾಪ," ಅಂದರು ಅಂಬುಜಾಬಾಯಿ. "ಪಟ್ಟಿ ಕಟ್ಟಿರ್ಬೇಕು. ಅದಕ್ಕೇ ತೋಳು ಗಿಡ್ಡ ಇಟ್ಟಿದೀನಿ ಅನ್ಸುತ್ತೆ."

"ಯಾರ ಜೊತೆ ಜಗಳ?" ಅಂತ ತುಕೋಜಿರಾಯರು ಕೇಳಿದರು. "ಗಂಡಿನ ಕಡೆಯವ್ರ ಜೊತೇನಾ?"

"ನಮಗ್ಯಾಕೆ ಅದೆಲ್ಲ. ಆದ್ರೆ ಇಷ್ಟುದ್ದ ಯಾಕೆ ಹೇಳಿದ್ಳೋ."

"ಈಗಿನ ಹುಡುಗೀರು ಏನ್ ಬೇಕಾದ್ರೂ ಹೇಳ್ತಾರಪ್ಪ," ಅಂದರು ರಾಯರು, ಇಸ್ತ್ರಿಪೆಟ್ಟಿಗೆಯ ಕೆಂಡ ಊದುತ್ತ. ಅಂಬುಜಾಬಾಯಿ ಕತ್ತರಿಸಿದರು.

ಮಾರನೆಯ ದಿನ ಹತ್ತು ಗಂಟೆಯ ಹೊತ್ತಿಗೆ ತಾಯಿಮಗಳು ಬಂದರು. ಪ್ರಫುಲ್ಲಳ ಎರಡೂ ಕೈ ನೆಟ್ಟಗಿದ್ದುದನ್ನು ನೋಡಿ ಅಂಬುಜಾಬಾಯಿಗೆ ಸಂತೋಷವೇ ಆಯಿತು. ಪರದೆಯ ಹಿಂದೆ ಹೋದವಳು ಸಾಕಷ್ಟು ಹೊತ್ತು ಹೊರಗೆ ಬರಲಿಲ್ಲ. ಬಂದಾಗ ರವಿಕೆ ಸೊಂಟ ದಾಟಿ ತೊಡೆಯವರೆಗೆ ಇಳಿದಿತ್ತು. ಒಂದು ಕಡೆ ತೋಳೇ ಇಲ್ಲದ ಹಾಗೆ, ಇನ್ನೊಂದು ಕಡೆ ಮೊಣಕೈ ಮೇಲಿನವರೆಗೆ. ಹಿಂದೆ ಐದಿಂಚಿನ ಮೊಂಡು ಡೋರಿ ಎದ್ದು ನಿಂತಿತ್ತು. ಅವಳು ನಡೆದಾಗ ಅದು ಆಡುತ್ತಿತ್ತು.

"ಆಂಟಿ," ಅಂದಳು ಪ್ರಫುಲ್ಲ ಮೆಲ್ಲಗೆ, "ಇದು ಮುಗ್ದಿದೆಯಾ, ಇನ್ನೂ ಹೊಲಿಯೋದಿದೆಯಾ?"

ಸುಲೋಚನಮ್ಮನವರು ಇಸ್ತ್ರಿಮೇಜಿನ ಮೇಲೆ ಕೂತುಬಿಟ್ಟರು. ಅದು ಇನ್ನೂ ಬಿಸಿಯಿತ್ತು. ಅವರಿಗೆ ಗೊತ್ತಾಗಲಿಲ್ಲ.

"ನಾನು ಅಳತೆ ಪ್ರಕಾರಾನೇ ಹೊಲ್ದಿರೋದು," ಅಂದರು ಅಂಬುಜಾಬಾಯಿ.

"ಯಾರ ಅಳತೆ ಆಂಟಿ?"

ಅಂಬುಜಾಬಾಯಿ ಚೀಟಿಯನ್ನು ಮತ್ತೊಮ್ಮೆ ನೋಡಿದರು. ಆಮೇಲೆ ಗಟ್ಟಿ ದನಿಯಲ್ಲಿ, "ಇವತ್ತು ಸಂಜೆ ಬನ್ನಿ," ಅಂತ ಅವರಿಬ್ಬರನ್ನೂ ಕಳಿಸಿದರು. ಕಳಿಸಿ, ಹೊಲಿಗೆ ಮೆಷಿನ್ನಿನ ಮುಂದೆ ಕೂತು, ನವಿಲುಕತ್ತಿನ ರವಿಕೆಯನ್ನು ಮಡಿಲಲ್ಲಿಟ್ಟುಕೊಂಡರು. ತುಕೋಜಿರಾಯರು ಚಹಾ ತಂದಿಟ್ಟರು, ಅದು ಕೆನೆಗಟ್ಟಿತು. ಕೊನೆಗೆ ಅವರೇ, "ಫ್ಲೇವಿಯಾ ಟೀಚರನ್ನ ಕರ್ಕೊಂಡು ಬರ್ಲಾ?" ಅಂದರು.

"ಹಾಜರೀಲಿ ನಾನು ತಪ್ಪಿಲ್ಲ."

"ತಪ್ಪಿದೀಯ ಅಂತ ಯಾರಂದ್ರು? ಕರ್ಕೊಂಡು ಬರ್ತೀನಿ," ಅಂತ ರಾಯರು ಛತ್ರಿ ತೆಗೆದುಕೊಂಡು ಹೋದರು.

ಫ್ಲೇವಿಯಾ ಟೀಚರು ಕರಾವಳಿಯಿಂದ ಬಂದು ನಮ್ಮಲ್ಲಿ ನೆಲೆಸಿದವರು. ಬಂದ ಹೊಸತರಲ್ಲಿ ಅವರ ಒಣಮೀನು ದೇವಸ್ಥಾನದ ಭಂಡಾರಕ್ಕೆ ಹೋಗಿದ್ದರಿಂದ, ಹಾಜರಿಯ ವಿಷಯದಲ್ಲಿ ನಮಗಿಂತ ಹೆಚ್ಚು ಎಚ್ಚರ. ರವಿಕೆಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ನೋಡಿದರು. ನಗು ಬಂದದ್ದನ್ನು ಕೆಮ್ಮಾಗಿ ತಿರುಗಿಸಿದರು.

"ನೀವು ಹೇಗೆ ಹಾಜರಿ ಹಾಕುವುದು ಅಂಬುಜಕ್ಕ?"

"ಅಳತೆ ಅಂತ ಕೂಗ್ತೀನಿ. ಇದೆ ಅನ್ನುತ್ತೆ."

"ಓ ಅಂದದ್ದು ಯಾರು ಅಂತ ನೋಡಿದ್ರಾ?"

"ಅಳತೇನೇ. ಇನ್ಯಾರು?"

"ಕತ್ತಲೆ ಕೋಣೆಗೆ ಮುಖ ಹಾಕಿ ಶೀನಾ ಅಂತ ಕರೆದ್ರೆ, ಒಳಗಿರೋ ಯಾವ ಶೀನ ಆದ್ರೂ ಓ ಅಂತಾನೆ ಮಾರಾಯ್ರೆ. ನಿಮ್ಮ ಶೀನನೇ ಅಂತ ಹೇಗೆ ಗೊತ್ತು? ನೀವು ಕೂಗುವುದು ನಿಮ್ಮ ನೆನಪಲ್ಲಿ ಇರುವುದನ್ನ. ಪೆಟ್ಟಿಗೆಯಲ್ಲಿ ಇರುವುದನ್ನ ಪೆಟ್ಟಿಗೆಯನ್ನೇ ಕೇಳ್ಬೇಕಲ್ಲ?"

ಅಂಬುಜಾಬಾಯಿಯ ಮುಖ ಕೆಂಪಾಯಿತು. ಜೀವಮಾನವೆಲ್ಲ ಬಾಯಿಪಾಠದಿಂದ ಕೂಗಿದವರು ಅವರು. ಆದರೂ ಕುರ್ಚಿ ಎಳೆದುಕೊಂಡು ಕೀಲಿಮಣೆಯ ಮುಂದೆ ಕೂತರು. "ಹೇಳಿ, ಬೆರಳಚ್ಚಿಸ್ತೀನಿ," ಅಂದರು.

ಟೀಚರು ಹೇಳುತ್ತ ಹೋದರು. ಪೆಟ್ಟಿಗೆಯ ಬಾಗಿಲು ತೆಗೆ. ಒಳಗೆ ಎಷ್ಟು ಟೇಬಲ್ ಇವೆಯೋ ಒಂದೊಂದರ ಹತ್ತಿರವೂ ಹೋಗು. ಹೆಸರೇನು ಕೇಳು. ಯಾವಾಗ ಹುಟ್ಟಿದ್ದು, ಯಾವಾಗ ಯಾರು ಕೊನೆಯ ಸಲ ಮುಟ್ಟಿದ್ದು, ಕೇಳು. ಎಷ್ಟು ಸಾಲು, ಯಾವ್ಯಾವ ಕಾಲಂ, ಒಂದೊಂದು ಕಾಲಮ್ಮಿನ ತಲೆಬರಹ ಏನು, ಅಂಕಿಯೋ ಅಕ್ಷರವೋ, ಕೇಳಿ ಬರೆದುಕೋ. ಇನ್ನೊಂದು ಟೇಬಲ್ ಇದ್ದರೆ ಅಲ್ಲಿಗೆ ಹೋಗು. ಇಲ್ಲದಿದ್ದರೆ ಬಾಗಿಲು ಹಾಕಿಕೊಂಡು ಬಾ. ಇಷ್ಟನ್ನೇ ಯಂತ್ರಕ್ಕೆ ತಿಳಿಯುವ ಮಾತಿನಲ್ಲಿ ಅಂಬುಜಾಬಾಯಿ ಎರಡು ಬೆರಳಲ್ಲಿ ಕುಟ್ಟಿದರು. ಒಂದು ಕಡೆ ಅಲ್ಪವಿರಾಮ ಬಿಟ್ಟುಹೋಗಿ ಯಂತ್ರ ಗೊಣಗಿತು. ಸರಿಮಾಡಿ ಮತ್ತೆ ಓಡಿಸಿದರು.

ಪರದೆಯ ಮೇಲೆ ಮೊದಲು ಹೆಸರಿಲ್ಲದ ಗೋತ್ರವಿಲ್ಲದ ಟೇಬಲ್ಲುಗಳ ದಂಡೇ ಬಂತು. ಅಂಬುಜಾಬಾಯಿ ಹೆದರಿ ಕೈ ಹಿಂದೆ ತೆಗೆದರು. "ಇವ್ರೆಲ್ಲ ಯಾರು?"

"ಅವರು ಮನೆಯವರು. ಯಂತ್ರ ತನ್ನ ಸಂಸಾರಕ್ಕೆ ಅಂತ ಇಟ್ಟುಕೊಂಡದ್ದು. ಅವರನ್ನ ಮಾತಾಡಿಸ್ಲಿಕ್ಕೆ ಹೋಗಬಾರದು, ಮುಟ್ಟಲೂಬಾರದು. ಮನೆಯವರನ್ನ ಬಿಟ್ಟು ಮಿಕ್ಕವರನ್ನ ಹೇಳು ಅಂತ ಒಂದು ಸಾಲು ಸೇರಿಸಿ."

ಸೇರಿಸಿದರು. ಈಗ ನಾಲ್ಕೇ ಬಂದವು. ಗಿರಾಕಿ. ದಾರದ ಬಣ್ಣ. ಯಾರೂ ಕರೆಯದೆ ಬಂದು ಮೂಲೆಯಲ್ಲಿ ಕೂತಿದ್ದ, ಬ್ಯಾಂಡ್ ಸೆಟ್ಟಿನವರ ಹಾಡುಗಳ ಟೇಬಲ್. ಕೊನೆಗೆ ಅಳತೆ. ಅದರ ಕೆಳಗೆ ಕಾಲಂಗಳ ತಲೆಬರಹಗಳು ಒಂದೊಂದಾಗಿ ಇಳಿದುಬಂದವು. ಅಂಬುಜಾಬಾಯಿ ಗಟ್ಟಿಯಾಗಿ ಓದಿದರು.

"ಕಿವಿಬಿಲ್ಲೆ ನಂಬರು. ಎದೆ. ಉದ್ದ. ಎಡಕೊಂಬು."

ಅಲ್ಲಿಗೆ ನಿಲ್ಲಿಸಿದರು. ಮುಂದಿನದನ್ನು ತುಕೋಜಿರಾಯರು ಹೆಗಲ ಮೇಲಿಂದ ಬಗ್ಗಿ ಓದಿದರು. "ಬಲಕೊಂಬು. ಬಾಲ. ಷರಾ."

ರಾಯರು ರವಿಕೆಯ ಹಿಂಬದಿ ನೋಡಿ, "ಡೋರಿ ಐದಿಂಚು ಅಂದ್ರೆ ಮೇಕೇನೇ ಇರ್ಬೇಕು," ಅಂದರು.

ಊರಿನಲ್ಲಿ ಮೇಕೆಗಳ ಎದೆ ಅಳೆಯುವವರು ಒಬ್ಬರೇ, ದನದ ಡಾಕ್ಟರು ಜಿನದತ್ತರು. ಎದೆಯ ಸುತ್ತಳತೆ ನೋಡಿ ತೂಕ ಅಂದಾಜು ಮಾಡಿ ಜಂತಿನ ಔಷಧಿ ಕೊಡುತ್ತಾರೆ. ಅವರ ಅಳತೆ ಟೇಪೂ ಇಂಚಿನದೇ. ಅದನ್ನು ಮಾರಿದವನು ನಾನು, ಆದ್ದರಿಂದ ನಾನೂ ಅಂಗಡಿ ಮುಚ್ಚಿ ಅವರ ಹಿಂದೆ ಹೊರಟೆ. ಊರ ಪದ್ಧತಿಯಂತೆ ಅಂಬುಜಾಬಾಯಿ ಮೇಕೆಗಳ ಟೇಬಲ್ಲನ್ನು ಪೆನ್ ಡ್ರೈವಿಗೆ ಹಾಕಿ, ಅದು ದಾರಿಯಲ್ಲಿ ಇನ್ನೆಲ್ಲಿಗಾದರೂ ಹೋದೀತೆಂದು ಮುಚ್ಚಳ ತೆಗೆದು, ತಟ್ಟೆಯಲ್ಲಿ ವೀಳ್ಯದೆಲೆಯ ಮೇಲಿಟ್ಟು, ಪಕ್ಕದಲ್ಲಿ ಚಕ್ಕುಲಿ ಇಟ್ಟುಕೊಂಡು ಪೇಟೆಬೀದಿಯಲ್ಲಿ ನಡೆದರು. ಯಾರೂ ಏನೂ ಕೇಳಲಿಲ್ಲ. ಏನನ್ನೋ ಹಿಂದಿರುಗಿಸಲು ಹೊರಟಿದ್ದಾರೆ ಅಂತ ಎಲ್ಲರಿಗೂ ಗೊತ್ತಾಗುತ್ತದೆ.

ಆಸ್ಪತ್ರೆಯ ಅಂಗಳದಲ್ಲಿ ಡಾಕ್ಟರು ಒಂದು ಕಪ್ಪು ಮೇಕೆಯ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದರು. ಮೇಕೆಗೆ ಎಡಕೊಂಬು ಮೊಂಡು. ಬೆನ್ನಿನ ಕೂದಲನ್ನು ಕುತ್ತಿಗೆಯಿಂದ ಕೆಳಕ್ಕೆ ದೋಣಿಯಾಕಾರದಲ್ಲಿ ನುಣ್ಣಗೆ ಬೋಳಿಸಲಾಗಿತ್ತು. ಅದರ ಮೇಲೆ ಎರಡು ಕೆಂಪು ದಾರಗಳ ಗಂಟು, ತುದಿಯಲ್ಲಿ ದೊಡ್ಡ ಕುಚ್ಚು.

"ಡಾಕ್ಟ್ರೇ, ಇದೇನು ಮಾಡಿದೀರಿ?" ಅಂದರು ಅಂಬುಜಾಬಾಯಿ.

ಜಿನದತ್ತರು ಬಹಳ ಸೌಮ್ಯ ಮನುಷ್ಯರು. ಕನ್ನಡಕ ಸರಿಮಾಡಿಕೊಂಡು ಎದ್ದರು. "ನನಗೂ ಅರ್ಥ ಆಗ್ತಿಲ್ಲ ತಾಯಿ. ನಲವತ್ತೊಂದನೇ ಬಿಲ್ಲೆಗೆ ಷರಾ ಹಾಗಿದೆ. 'ಬೆನ್ನು ಆಳವಾಗಿರಲಿ, ಹಿಂದೆ ಡೋರಿ, ಕುಚ್ಚು ದೊಡ್ಡದಿರಲಿ.' ನಾನೇ ಬರ್ದಿದ್ದೇನೋ, ಏನೋ ರೋಗಕ್ಕೆ ಇರ್ಬೇಕು ಅಂತ ಮಾಡ್ದೆ. ಹದಿನಾಲ್ಕನೇ ಬಿಲ್ಲೆಗೆ 'ಬುಗ್ಗೆ ಕೈ ಬೇಕು' ಅಂತಿದೆ. ಅದನ್ನ ಹೆಂಗೆ ಮಾಡೋದೂಂತ ಎರಡು ದಿನದಿಂದ ಯೋಚಿಸ್ತಿದೀನಿ."

"ಔಷಧಿ ಎಲ್ಲ ಸರಿಯಾಗಿ ಹೋಯ್ತಾ?" ಅಂತ ಫ್ಲೇವಿಯಾ ಟೀಚರು ಆತಂಕದಿಂದ ಕೇಳಿದರು.

"ಎದೆ ಅಳತೆ ಹೆಚ್ಚುಕಮ್ಮಿ ಒಂದೇ ಬರುತ್ತಲ್ಲ. ಎಲ್ಲಾ ಆರೋಗ್ಯವಾಗಿವೆ."

ಟೇಬಲ್ಲುಗಳು ಅದಲುಬದಲಾದವು. ಚಕ್ಕುಲಿಗೆ ಪ್ರತಿಯಾಗಿ ಡಾಕ್ಟರು ಒಂದು ಶೀಷೆ ಮೇಕೆಹಾಲು ಕೊಟ್ಟರು. ಇನ್ನು ಮುಂದೆ ಬರೀ 'ಅಳತೆ' ಅನ್ನುವ ಹೆಸರು ಯಾರಿಗೂ ಬೇಡ, ಒಂದು 'ರವಿಕೆ ಅಳತೆ' ಇನ್ನೊಂದು 'ಮೇಕೆ ಅಳತೆ' ಆಗಲಿ ಅಂತ ಟೀಚರು ಅಲ್ಲೇ ನಿಂತು ನಾಮಕರಣ ಮಾಡಿಸಿದರು.

ಆದರೆ ಸಂಜೆಗೆ ಪ್ರಫುಲ್ಲ ಬರುವವಳಿದ್ದಳು, ಕತ್ತರಿಸಿದ ಬಟ್ಟೆ ಕತ್ತರಿಸಿದ್ದೇ. ಅಂಬುಜಾಬಾಯಿ ರವಿಕೆಯ ಹೊಲಿಗೆಯನ್ನೆಲ್ಲ ಬಿಚ್ಚಿ, ತುಂಡುಗಳನ್ನು ಮೇಜಿನ ಮೇಲೆ ಹರಡಿ, ಗಲ್ಲಕ್ಕೆ ಕೈ ಕೊಟ್ಟು ನೋಡಿದರು. ನಾನೂ ನೋಡಿದೆ. ಆಮೇಲೆ ಅವರ ಮುಖದಲ್ಲಿ ಒಂದು ಬೆಳಕು ಬಂತು.

"ಮೇಕೆ ಉದ್ದ," ಅಂದರು.

"ಆಂ?"

"ಮೇಕೆ ಉದ್ದ ಅಂದೆ. ಹೆಣ್ಣಿಗೆ ಹದಿನೈದು ಇಂಚು ಸಾಕು. ಕೆಳಗೆ ಹನ್ನೆರಡು ಇಂಚಿನ ಪಟ್ಟಿ ಸುತ್ತಲೂ ಹಾಗೇ ಉಳಿಯುತ್ತೆ. ಎರಡು ತೋಳು ಬರುತ್ತೆ, ಡೋರೀನೂ ಬರುತ್ತೆ. ಇದರ ಬದಲು ಕೋಳಿ ಅಳತೆ ಬಂದಿದ್ರೆ ನಾನು ಸತ್ತೇ ಹೋಗ್ತಿದ್ದೆ."

ಅವರು ಅವತ್ತು ಹೊಲಿದ ಹಾಗೆ ಹೊಲಿದದ್ದನ್ನು ನಾನು ಮತ್ತೆ ನೋಡಿಲ್ಲ. ಮೆಷಿನ್ನಿನ ಗಾಲಿಯಿಂದ ಬಂದ ಗಾಳಿಗೆ ರಾಯರ ಶಲ್ಯ ಹಾರುತ್ತಿತ್ತು. ಸಂಜೆ ಪ್ರಫುಲ್ಲ ಪರದೆಯಿಂದ ಹೊರಗೆ ಬಂದು ಕನ್ನಡಿಯ ಮುಂದೆ ಒಂದು ಸುತ್ತು ತಿರುಗಿದಾಗ ಸುಲೋಚನಮ್ಮನವರು ಕಣ್ಣೊರೆಸಿಕೊಂಡರು. ಅತ್ತೆಯನ್ನು ನೆನೆದೋ, ಬೆಳಗಿನ ಇಸ್ತ್ರಿಮೇಜನ್ನು ನೆನೆದೋ ತಿಳಿಯದು. ಮದುವೆ ಚೆನ್ನಾಗಿ ನಡೆಯಿತು.

ಈಗ ಅಂಬುಜಾಬಾಯಿಗೆ ಬೇರೆ ಸಂಕಟ ಶುರುವಾಯಿತು. ಆ ವಾರ ಮೇಕೆಯ ಅಳತೆಯಲ್ಲಿ ರವಿಕೆ ಹೊಲಿಸಿಕೊಂಡು ಹೋದವರು ಇನ್ನೂ ಕೆಲವರಿದ್ದರು. ಮನೆಮನೆಗೆ ಹೋಗಿ ನಿಜ ಹೇಳಿ, ಬಿಚ್ಚಿ ಹೊಲಿದುಕೊಡಬೇಕು ಅಂತ ಅವರು ನಿರ್ಧರಿಸಿದರು. ಮೊದಲ ಮನೆ ಹದಿನೇಳನೇ ನಂಬರು, ಮಂದಾಕಿನಮ್ಮನವರದು. ಅಂಬುಜಾಬಾಯಿ ಹೊಲಿದ ಒಂದೇ ಒಂದು ರವಿಕೆಯನ್ನೂ ಅವರು ಮೊದಲ ಸಲಕ್ಕೆ ಒಪ್ಪಿದ್ದಿಲ್ಲ. ಕಂಕುಳಲ್ಲಿ ಹಿಡಿಯುತ್ತದೆ, ಬೆನ್ನಲ್ಲಿ ಉಬ್ಬುತ್ತದೆ, ಹಾಕಿಕೊಂಡರೆ ಯಾರೋ ಹಿಂದಿನಿಂದ ಕರೆದ ಹಾಗಾಗುತ್ತದೆ ಅಂತೆಲ್ಲ ಹೇಳಿ ವಾಪಸು ತರುತ್ತಿದ್ದರು. ಮಾತಿಗೆ ಆಸರೆಯಿರಲಿ ಅಂತ ಅಂಬುಜಾಬಾಯಿ ಯಜಮಾನರನ್ನೂ ಕರೆದುಕೊಂಡು ಹೋದರು.

ಮಂದಾಕಿನಮ್ಮನವರು ಬಾಗಿಲಲ್ಲೇ ಎದುರಾದರು. ಅದೇ ರವಿಕೆ ತೊಟ್ಟಿದ್ದರು.

"ಬಾ ಅಂಬುಜಾ, ನಾನೇ ಬರೋಳಿದ್ದೆ," ಅಂದರು. "ಇಷ್ಟು ವರ್ಷಕ್ಕೆ ಈಗ ನಿನಗೆ ನನ್ನ ಅಳತೆ ಸಿಕ್ತು ನೋಡು. ಎಲ್ಲೂ ಹಿಡಿಯಲ್ಲ, ಎಲ್ಲೂ ಬಿಡಲ್ಲ. ಉದ್ದ ಇರೋದ್ರಿಂದ ಸೊಂಟಕ್ಕೆ ಬೆಚ್ಚಗಿದೆ. ಇನ್ನು ಮೇಲೆ ಇದೇ ಅಳತೇಲಿ ಹೊಲಿ. ಬೇರೆ ಮುಟ್ಟಬೇಡ."

ಅಂಬುಜಾಬಾಯಿ ನಿಜ ಹೇಳಲು ಬಾಯಿ ತೆರೆದರು. ಪಕ್ಕದಲ್ಲಿ ತುಕೋಜಿರಾಯರು, "ಆಗ್ಲಿ ತಾಯಿ," ಅಂದುಬಿಟ್ಟರು.

ಹೊರಗೆ ಬಂದವರು ನೇರ ಆಸ್ಪತ್ರೆಗೆ ಹೋದರು. ಹದಿನೇಳನೇ ಬಿಲ್ಲೆಯ ಒಂದು ಸಾಲು ತಮಗೆ ಬೇಕೆಂದರು. ಜಿನದತ್ತರು ಸಂತೋಷದಿಂದ ಕೊಡಲು ಎದ್ದವರು ಅರ್ಧಕ್ಕೇ ನಿಂತರು. "ಕೊಡ್ತೀನಿ ತಾಯಿ. ಆದ್ರೆ ಅದು ಇನ್ನೂ ಎಳೇ ಮೇಕೆ. ಬೆಳೀತಿದೆ. ಈ ಅಳತೆ ಹೆಚ್ಚು ದಿನ ನಿಲ್ಲಲ್ಲ."

ಹೀಗಾಗಿ ಮಂದಾಕಿನಮ್ಮನವರು ಹೊಸ ಬಟ್ಟೆ ತಂದುಕೊಟ್ಟಾಗಲೆಲ್ಲ ಅಂಬುಜಾಬಾಯಿ ಟೇಪು ಹೆಗಲಿಗೆ ಹಾಕಿಕೊಂಡು ಮೇಕೆಯ ಹತ್ತಿರ ಹೋಗುತ್ತಾರೆ. ರಾಯರು ಕೊಂಬು ಹಿಡಿದುಕೊಳ್ಳುತ್ತಾರೆ. ಪ್ರತಿಸಲವೂ ರವಿಕೆ ಎರಕ ಹೊಯ್ದ ಹಾಗೆ ಕೂರುತ್ತದೆ. ಯಾಕೆ ಅಂತ ಊರಲ್ಲಿ ಯಾರೂ ಕೇಳುವುದಿಲ್ಲ, ಮಂದಾಕಿನಮ್ಮನವರಿಗಂತೂ ಗೊತ್ತೇ ಇಲ್ಲ.

ಮೊನ್ನೆ ಹೋದಾಗ ಮೇಕೆ ಗಬ್ಬವಾಗಿತ್ತು. ಅಂಬುಜಾಬಾಯಿ ಟೇಪು ಹಿಡಿದು ಬಹಳ ಹೊತ್ತು ಅನುಮಾನಿಸಿದರು. ಕೊನೆಗೆ ಅಳತೆ ಅಳತೆಯೇ ಅಂತ ಬರೆದುಕೊಂಡು ಬಂದು ಹಾಗೆಯೇ ಹೊಲಿದರು. ಮಂದಾಕಿನಮ್ಮನವರು ಅಂಗಡಿಗೆ ಬಂದು, ತೊಟ್ಟು, ಕನ್ನಡಿಯ ಮುಂದೆ ಎಡಕ್ಕೂ ಬಲಕ್ಕೂ ತಿರುಗಿದರು. ಹೊಟ್ಟೆಯ ಹತ್ತಿರ ಒಂದು ಹಿಡಿ ಬಟ್ಟೆ ಎತ್ತಿ ನೋಡಿದರು. ತುಕೋಜಿರಾಯರು ಸೂಜಿಗೆ ದಾರ ಪೋಣಿಸುವುದನ್ನು ನಿಲ್ಲಿಸಿದರು.

"ಸ್ವಲ್ಪ ಸಡಿಲ ಆಯ್ತಲ್ಲ ಅಂಬುಜಾ."

"ಬಿಚ್ಚಿಕೊಡಿ ಅಕ್ಕ, ಹಿಡಿದುಕೊಡ್ತೀನಿ."

ಮಂದಾಕಿನಮ್ಮನವರು ಯೋಚಿಸಿದರು. "ಬೇಡ, ಇರ್ಲಿ ಬಿಡು," ಅಂದರು. "ಹೆಂಗಿದ್ರೂ ಮಾವಿನಹಣ್ಣಿನ ಕಾಲ ಬಂತು, ತಿಂದ್ರೆ ತುಂಬ್ಕೊಳ್ಳುತ್ತೆ." ಹಾಗಂದು ಅದನ್ನೇ ತೊಟ್ಟುಕೊಂಡು, ಸೆರಗು ಹೊದ್ದು, ಬಿಸಿಲಿಗೆ ಇಳಿದು ಹೋದರು.